ಶರಣರ ಕಣ್ಣು ಮತ್ತು ಬಿಮಾ ಕಾಗದ

ನಾರಾಯಣಖೇಡದ ರಸ್ತೆಯ ಜನ ನಮ್ಮ ಯಜಮಾನರನ್ನು ಶರಣರು ಎಂದು ಕರೆಯುತ್ತಿದ್ದರು. ನಾನೊಬ್ಬಳು ಕರೆಯುತ್ತಿರಲಿಲ್ಲ. ಗಂಡನ ಶರಣತನ ಎಷ್ಟು ಸೇರು, ಎಷ್ಟು ಪಾವು ಎಂಬುದು ಕಟ್ಟಿಕೊಂಡವಳಿಗೆ ಗೊತ್ತಿರುತ್ತದೆ. ಹಾಗೆಂದು ಜನರ ಬಾಯಿಗೆ ಅಡ್ಡ ಹೋಗುವ ಹಾಗೂ ಇರಲಿಲ್ಲ, ಯಾಕೆಂದರೆ ಆ ಹೆಸರಿನ ಬಲದಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿತ್ತು.

ಅವರು ಜಹೀರಾಬಾದಿನಿಂದ ನಾರಾಯಣಖೇಡಕ್ಕೆ ಸರ್ವಿಸ್ ಮೋಟಾರು ನಡೆಸುತ್ತಿದ್ದರು. ನಿಜಾಮರ ಆಳ್ವಿಕೆ, ಅದರ ಮೇಲೆ ಲಡಾಯಿಯ ದಿನಗಳು. ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲ. ಮೋಟಾರಿನ ಬೆನ್ನಿಗೆ ತಗಡಿನ ಒಂದು ದೊಡ್ಡ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಅದರಿಂದ ಏಳುವ ಗ್ಯಾಸಿನಿಂದ ಗಾಡಿ ಓಡಿಸಬೇಕಿತ್ತು. ಏರು ಬಂದರೆ ಗಂಡಸರು ಇಳಿದು ನೂಕಬೇಕು, ಇಳಿಜಾರು ಬಂದರೆ ಎಲ್ಲರೂ ದೇವರನ್ನು ನೆನೆಯಬೇಕು. ಒಲೆ ತುಂಬುವುದು, ಬೂದಿ ಕೆದಕುವುದು, ಟಿಕೀಟು ಹರಿಯುವುದು, ಸ್ಟೇರಿಂಗ್ ಹಿಡಿಯುವುದು ಎಲ್ಲಾ ಅವರೇ. ಮನೆಗೆ ಬಂದಾಗ ಹಣೆಯ ವಿಭೂತಿಯ ಮೇಲೆ ಇನ್ನೊಂದು ಪದರ ಬೂದಿ ಇರುತ್ತಿತ್ತು. ಅದನ್ನೂ ಜನ ಭಕ್ತಿಯ ಲೆಕ್ಕಕ್ಕೇ ಹಾಕುತ್ತಿದ್ದರು.

ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ಇವರು ಬಹಳ ನೇಮದ ಮನುಷ್ಯ ಎಂದೇ ಅನಿಸಿತ್ತು. ದೀಪ ಹಚ್ಚುವ ಮೊದಲೇ ಊಟ ಆಗಬೇಕು, ಹಾಸಿಗೆ ಹಾಸಿರಬೇಕು, ತಂಬಿಗೆ ಹಾಸಿಗೆಯ ಎಡಕ್ಕೇ ಇರಬೇಕು. ಒಂದು ದಿನ ಹಸಿ ಕಟ್ಟಿಗೆ ಹತ್ತದೆ ರೊಟ್ಟಿ ತಡವಾಯಿತು. ದೀಪದ ಬೆಳಕಿನಲ್ಲಿ ಉಣ್ಣಲು ಕೂತವರು ರೊಟ್ಟಿ ಮುರಿದು ಕುಡಿಯುವ ನೀರಿನ ತಂಬಿಗೆಯಲ್ಲಿ ಅದ್ದಿ ತಿಂದು, ಇವತ್ತು ಬೇಳೆ ತೆಳ್ಳಗಾಗಿದೆ ಎಂದರು. ನನ್ನ ಅಡುಗೆಯನ್ನು ಹಂಗಿಸುತ್ತಿದ್ದಾರೆ ಎಂದುಕೊಂಡು ಎರಡು ದಿನ ಮುನಿಸಿಕೊಂಡಿದ್ದೆ. ಮೂರನೆಯ ಸಂಜೆ ಅವರು ಅಂಗಳದಲ್ಲಿ ಮಲಗಿದ್ದ ಎಮ್ಮೆಗೆ ಎಡವಿ ಅದರ ಮೇಲೆಯೇ ಬಿದ್ದಾಗ ನನಗೆ ತಿಳಿಯಿತು.

ಅವರಿಗೆ ಇರುಳುಗುರುಡು. ಹಗಲಿನಲ್ಲಿ ಅರ್ಧ ಮೈಲಿ ಆಚೆಯ ಮೊಲವನ್ನು ತೋರಿಸುವ ಕಣ್ಣು, ಹೊತ್ತು ಮುಳುಗಿದರೆ ಮುಗಿಯಿತು. ದೀಪದ ಕುಡಿ ಕಾಣುತ್ತಿತ್ತು, ದೀಪದ ಸುತ್ತ ಏನಿದೆ ಎಂಬುದು ಕಾಣುತ್ತಿರಲಿಲ್ಲ. ಯಾರಿಗೂ ಹೇಳಬೇಡವೆಂದು ನನ್ನಿಂದ ಆಣೆ ಮಾಡಿಸಿಕೊಂಡರು. ನಾನು ತವರಿನಲ್ಲೂ ಬಾಯಿ ಬಿಡಲಿಲ್ಲ. ಹಕೀಮರ ಹತ್ತಿರ ಬೇರೆ ಯಾರದೋ ಬೇನೆ ಎಂಬಂತೆ ಕೇಳಿದ್ದಕ್ಕೆ ಅವರು ಕುರಿಯ ಈಲಿ, ನಮ್ಮ ಕಡೆಯ ಕಾಳಿಜ, ತಿನ್ನಿಸಲು ಹೇಳಿದರು. ಲಿಂಗ ಕಟ್ಟಿದ ಮನೆಯಲ್ಲಿ ಅದು ಹೇಗಾದೀತು? ನಾನು ನುಗ್ಗೆಸೊಪ್ಪಿನ ಮೇಲೆ ಭಾರ ಹಾಕಿದೆ. ಬೇಳೆಯಲ್ಲಿ ನುಗ್ಗೆಸೊಪ್ಪು, ಪಲ್ಯದಲ್ಲಿ ನುಗ್ಗೆಸೊಪ್ಪು, ಕೊನೆಗೆ ರೊಟ್ಟಿಯ ಹಿಟ್ಟಿನಲ್ಲೂ ನುಗ್ಗೆಸೊಪ್ಪು. ಹಿತ್ತಲಿನ ಮರ ಬೋಳಾಯಿತೇ ಹೊರತು ಅವರ ಕಣ್ಣು ಸುಧಾರಿಸಲಿಲ್ಲ.

ಹಾಗಾದರೆ ಮೋಟಾರು ಹೇಗೆ ನಡೆಸುತ್ತಿದ್ದರು ಎಂದು ಕೇಳುವಿರಿ. ಬೆಳಗ್ಗೆ ಹೋಗಿ ಮಧ್ಯಾಹ್ನ ತಿರುಗಿ ಹೊರಟರೆ ಹಗಲಿನಲ್ಲೇ ಮನೆ ಸೇರಬಹುದಿತ್ತು. ಇದ್ದಿಲು ಹಸಿಯಿದ್ದ ದಿನ, ಟೈರು ಕೈಕೊಟ್ಟ ದಿನ ಮಾತ್ರ ದಾರಿಯಲ್ಲೇ ಸಂಜೆಯಾಗುತ್ತಿತ್ತು. ಆಗ ಅವರು ಹತ್ತಿರದ ಊರ ಬದಿಗೆ ಗಾಡಿ ನಿಲ್ಲಿಸಿ, ಕೈಕಾಲು ತೊಳೆದು, ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತುಬಿಡುತ್ತಿದ್ದರು. ಸಂಜೆಯ ಪೂಜೆ ತಪ್ಪಿಸುವುದಿಲ್ಲ, ಪೂಜೆಯ ಮೇಲೆ ಗಾಡಿ ಮುಟ್ಟುವುದಿಲ್ಲ, ಇದು ನನ್ನ ನೇಮ ಎನ್ನುತ್ತಿದ್ದರು. ಪ್ರಯಾಣಿಕರು ಗೊಣಗುತ್ತಿದ್ದರು. ಆದರೆ ಪೂಜೆಗೆ ಕೂತವನನ್ನು ಎಬ್ಬಿಸುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಗುಡಿಯಲ್ಲೋ ಚಾವಡಿಯಲ್ಲೋ ಮಲಗಿ ಬೆಳಗ್ಗೆ ಅದೇ ಗಾಡಿಯಲ್ಲಿ ಹೋಗುತ್ತಿದ್ದರು, ಮತ್ತು ಊರಿಗೆ ಹೋಗಿ ಶರಣರ ನಿಷ್ಠೆಯನ್ನು ಹೊಗಳುತ್ತಿದ್ದರು.

ಒಂದು ಸಲ ಯಾರೋ ಜಗ್ಗದ ಆಸಾಮಿ ಸಿಕ್ಕ. ಪೂಜೆಯಂತೂ ಮುಗಿಯಿತು, ಶಿವ ಸಂತೃಪ್ತನಾದ, ಇನ್ನು ಗಾಡಿ ನಡೆಸಲು ಏನಡ್ಡಿ ಎಂದು ಪಟ್ಟು ಹಿಡಿದ. ಯಜಮಾನರಿಗೆ ಸ್ಟೇರಿಂಗ್ ನೆನಪಾಯಿತು. ಅದರ ಬಳೆ ಬಿಸಿಲಿಗೆ ಬಿರುಕು ಬಿಟ್ಟಿತ್ತು, ಹೊಸದು ಸಿಗುವ ಕಾಲವಲ್ಲ. ಕಲ್ಹೇರಿನ ಕಡೆಯ ಸಮಗಾರ ಮುದುಕರೊಬ್ಬರು ಅದಕ್ಕೆ ಸುತ್ತಲೂ ತೊಗಲಿನ ಗವಸು ಹೊಲಿದುಕೊಟ್ಟಿದ್ದರು. ಅದನ್ನೇ ತೋರಿಸಿ, ಪೂಜೆ ಮಾಡಿದ ಕೈಯಿಂದ ತೊಗಲು ಮುಟ್ಟುವುದಿಲ್ಲ ಎಂದುಬಿಟ್ಟರು. ಜಗ್ಗದ ಆಸಾಮಿ ಕೈಮುಗಿದು ಸುಮ್ಮನಾದ. ಅಲ್ಲಿಂದ ಮುಂದೆ ಕೇಳಿದವರಿಗೆಲ್ಲ ಅದೇ ಉತ್ತರ. ಆ ಗವಸು ಹೊಲಿದ ಮುದುಕರು ವಾರಕ್ಕೊಮ್ಮೆ ತೊಗಲು ಕೊಳ್ಳಲು ಅದೇ ಮೋಟಾರಿನ ಕೊನೆಯ ಹಲಗೆಯ ಮೇಲೆ ಕೂತು ಜಹೀರಾಬಾದಿಗೆ ಬರುತ್ತಿದ್ದರು ಎಂಬುದು ಯಾರ ತಲೆಯಲ್ಲೂ ಬರಲಿಲ್ಲ. ನನ್ನ ತಲೆಯಲ್ಲೂ ಬರಲಿಲ್ಲ, ಸುಳ್ಳೇಕೆ ಹೇಳಲಿ. ಮೋಟಾರಿನಲ್ಲಿ ಎಲ್ಲರಿಗೂ ಟಿಕೀಟು ಒಂದೇ, ಕೂಡುವ ಜಾಗ ಮಾತ್ರ ಬೇರೆ ಬೇರೆ ಇತ್ತು, ಮತ್ತು ನಾನು ಯಾವಾಗಲೂ ಮುಂದೆಯೇ ಕೂಡುತ್ತಿದ್ದೆ.

ಹೀಗೆ ನಡೆದುಕೊಂಡು ಹೋಗುತ್ತಿರುವಾಗ ಮೋಟಾರಿನ ಮಾಲೀಕರಿಗೆ ಬಿಮಾದ, ಅಂದರೆ ವಿಮೆಯ, ಹುಚ್ಚು ಹಿಡಿಯಿತು. ಮಾಲೀಕರು ತಾಂಡೂರಿನ ಸಾವಕಾರರು, ನೆಲಕ್ಕೆ ಹಾಸುವ ಫರಸಿಕಲ್ಲಿನ ವ್ಯಾಪಾರ. ಅವರ ಊರಿನಲ್ಲಿ ಯಾರದೋ ಮೋಟಾರು ಎತ್ತಿನ ಬಂಡಿಗೆ ಬಡಿದು, ಅದರ ಒಡೆಯ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ಕಣ್ಣಾರೆ ನೋಡಿದ್ದರು. ಬಿಮಾ ಮಾಡಿಸಿದರೆ ಅಂಥ ಪೀಡೆ ಇಲ್ಲವೆಂದು ಯಾರೋ ಹೇಳಿದರು. ಹೈದರಾಬಾದಿಗೆ ಕಾಗದ ಬರೆದು ಬಿಮಾದ ಸಾಹೇಬರನ್ನು ಕರೆಸಿದರು. ತಾವೂ ತಾಂಡೂರಿನಿಂದ ರೈಲು ಹತ್ತಿ, ವಿಕಾರಾಬಾದಿನಲ್ಲಿ ಇಳಿದು ಇನ್ನೊಂದು ರೈಲು ಹಿಡಿದು, ಜಹೀರಾಬಾದಿಗೆ ಬಂದರು. ಮೋಟಾರು ನಿಲ್ಲುವುದು ನಮ್ಮ ಮನೆಯ ಪಕ್ಕದಲ್ಲೇ ಆದ್ದರಿಂದ ಇಬ್ಬರೂ ನಮ್ಮ ಪಡಸಾಲೆಯಲ್ಲೇ ಕೂತರು.

ನಾನು ಒಳಬಾಗಿಲಿನ ಹಿಂದೆ ನಿಂತಿದ್ದೆ. ಸಾಹೇಬರು ಶೇರ್ವಾನಿ ಹಾಕಿದ ತೆಳ್ಳನೆಯ ಮನುಷ್ಯ, ಬಹಳ ಮೆತ್ತಗೆ ಮಾತು. ಮೊದಲು ಮೋಟಾರಿನ ವಯಸ್ಸು, ಬಣ್ಣ, ಎಷ್ಟು ಜನ ಕೂಡುತ್ತಾರೆ ಎಂಬುದನ್ನೆಲ್ಲ ಕೇಳಿ ಬರೆದರು. ಆಮೇಲೆ ಮೋಟಾರು ನಡೆಸುವವನ ಸರದಿ ಬಂತು. ಮೂರ್ಛೆ ಇದೆಯೇ, ಕಿವಿ ಮಂದವೇ, ಎದೆಯ ಬೇನೆ ಇದೆಯೇ, ಕಣ್ಣಿನ ದೋಷ ಇದೆಯೇ. ಒಂದೊಂದನ್ನೂ ಉರ್ದುವಿನಲ್ಲಿ ಓದಿ ತಲೆ ಎತ್ತಿ ನೋಡುತ್ತಿದ್ದರು. ಈ ಜಾಗದಲ್ಲಿ ಏನನ್ನಾದರೂ ಮುಚ್ಚಿಟ್ಟು, ಮುಂದೆ ಅಪಘಾತವಾದರೆ, ಕಂಪನಿ ಕೈ ಎತ್ತಿಬಿಡುತ್ತದೆ, ಕಾಗದಕ್ಕೆ ಕಾಗದದ ಬೆಲೆಯೂ ಉಳಿಯುವುದಿಲ್ಲ ಎಂದು ತಿಳಿಸಿ ಹೇಳಿದರು.

ಯಜಮಾನರು ಬಾಯಿ ತೆರೆಯುವ ಮೊದಲೇ ಸಾವಕಾರರು ಉತ್ತರ ಕೊಟ್ಟರು. ನಮ್ಮ ಹುಡುಗನಿಗೆ ಏನು ಬೇನೆ, ಉಕ್ಕಿನಂತಿದ್ದಾನೆ ಎಂದರು. ಆಮೇಲೆ ನನಗೆ ಇವತ್ತಿಗೂ ಕಿವಿಯಲ್ಲಿ ಉಳಿದಿರುವ ಮಾತನ್ನು ಹೇಳಿದರು.

“ಸಾಹೇಬ್ರ, ನಡು ದಾರ್ಯಾಗ ಗಾಡಿ ನಿಲ್ಸಿ ಲಿಂಗಪೂಜಾ ಮಾಡು ಮನಷ್ಯಾ ಇಂವ. ಇಂವ ಸುಳ್ಳ ಹೇಳಂಗಿಲ್ರಿ. ಇಂವನ ಬದ್ಲಿ ನಾ ಹೇಳ್ತೀನಿ, ಏನೂ ಇಲ್ಲಂತ ಬರೀರಿ.”

ಸಾಹೇಬರು ‘ಇಲ್ಲ’ ಎಂದು ಬರೆದು ಕಾಗದ ತಿರುಗಿಸಿ ಪೆನ್ನು ಚಾಚಿದರು. ಯಜಮಾನರು ಅದನ್ನು ಕೈಗೆ ತೆಗೆದುಕೊಂಡರು. ನಾನು ಬಾಗಿಲ ಸಂದಿಯಿಂದ ಅವರ ಬೆನ್ನನ್ನೇ ನೋಡುತ್ತಿದ್ದೆ. ಹೇಳಿದರೆ ಕೆಲಸ ಹೋಗುತ್ತದೆ. ಇರುಳುಗುರುಡನ ಕೈಗೆ ಇನ್ನೊಬ್ಬ ಮಾಲೀಕ ಮೋಟಾರು ಕೊಡುವುದಿಲ್ಲ. ಹೊಲವಿಲ್ಲ, ಅಂಗಡಿಯಿಲ್ಲ, ಅವರಿಗೆ ಬರುತ್ತಿದ್ದುದು ಆ ಒಂದೇ ವಿದ್ಯೆ. ಹೇಳದಿದ್ದರೆ ಅನ್ನ ಹಾಕುವ ಸಾವಕಾರರ ಬಾಯಿಂದಲೇ ಸುಳ್ಳು ಸಾಕ್ಷಿ ಹೇಳಿಸಿದಂತೆ. ಹೇಳಲಿ ಎಂದು ನನ್ನ ಒಂದು ಮನಸ್ಸು, ಹೇಳದಿರಲಿ ಎಂದು ಇನ್ನೊಂದು. ಅವರು ಕಲಿತಿದ್ದ ನಾಲ್ಕು ಉರ್ದು ಅಕ್ಷರಗಳಲ್ಲಿ ನಿಧಾನವಾಗಿ ಸಹಿ ಮಾಡಿದರು.

ಅವರೆಲ್ಲ ಎದ್ದು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. ನನ್ನ ಬಾಯಿ ಎಂಥದು ಎಂಬುದು ನಮ್ಮ ಓಣಿಗೆಲ್ಲ ಗೊತ್ತು. ಕೆಲಸಕ್ಕಾಗಿ ಒಂದು ಸುಳ್ಳು ಹೇಳಿದ್ದರೆ ನಾನೂ ಸಹಿಸುತ್ತಿದ್ದೆ, ಹೊಟ್ಟೆ ಎಲ್ಲರಿಗೂ ಇದೆ, ಆದರೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಹೇಳಿದ ಸುಳ್ಳಿಗೆ ಇವತ್ತು ಸರಕಾರಿ ಕಾಗದದಂಥ ಕಾಗದದ ಮೇಲೆ ಸಹಿ ಬೇರೆ ಹಾಕಿದಿರಲ್ಲ ಎಂದೆ. ಅವರು, ಪೂಜೆ ಸುಳ್ಳಲ್ಲ, ಪೂಜೆಯನ್ನಂತೂ ಖರೇ ಮಾಡುತ್ತೇನೆ ಎಂದಷ್ಟೇ ಹೇಳಿ ಇದ್ದಿಲು ಜರಡಿ ಹಿಡಿಯಲು ಹೋದರು. ಅದೂ ನಿಜವೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಸಾವಕಾರರು ತಾಂಡೂರಿಗೆ ಹೊರಟುಹೋದರು. ಬಿಮಾ ಸಾಹೇಬರಿಗೆ ನಾರಾಯಣಖೇಡದಲ್ಲೂ ಒಂದು ಮೋಟಾರಿನ ಕೆಲಸವಿತ್ತು. ಮರುದಿನ ನಮ್ಮ ಮೋಟಾರಿನಲ್ಲೇ ಹೋಗಿ, ಅದರ ಮರುದಿನ ತಿರುಗಿ ಬಂದು, ಜಹೀರಾಬಾದಿನಲ್ಲಿ ಸಂಜೆಯ ರೈಲು ಹಿಡಿಯುವುದು ಅವರ ಏರ್ಪಾಡು. ನನ್ನ ತವರು ನಾರಾಯಣಖೇಡವೇ. ಅಣ್ಣನ ಮಗಳ ತೊಟ್ಟಿಲ ಶಾಸ್ತ್ರ ಇತ್ತು. ನಾನೂ ಅದೇ ಗಾಡಿಯಲ್ಲಿ ಹೋದೆ, ಅದೇ ಗಾಡಿಯಲ್ಲಿ ತಿರುಗಿ ಹೊರಟೆ. ಮುಂದಿನ ಸೀಟಿನಲ್ಲಿ ಸಾಹೇಬರು, ಹಿಂದೆ ನಾನು ಮತ್ತು ಇನ್ನಿಬ್ಬರು ಹೆಂಗಸರು, ನಮ್ಮ ಹಿಂದೆ ಏಳೆಂಟು ಗಂಡಸರು, ಕೊನೆಯ ಹಲಗೆಯ ಮೇಲೆ ಚೀಲ ತಬ್ಬಿಕೊಂಡು ಆ ಸಮಗಾರ ಮುದುಕರು. ಅವರು ಹಿಂದಿನ ದಿನವೇ ಕಲ್ಹೇರಿನಿಂದ ನಡೆದು ನಾರಾಯಣಖೇಡಕ್ಕೆ ಬಂದಿದ್ದರು.

ಆ ದಿನದ ಇದ್ದಿಲಿಗೆ ಏನಾಗಿತ್ತೋ ಗೊತ್ತಿಲ್ಲ. ಮೋಟಾರು ಒಂದು ಮೈಲಿ ಓಡಿದರೆ ಅರ್ಧ ಗಂಟೆ ಕೆಮ್ಮುತ್ತಿತ್ತು. ಯಜಮಾನರು ಇಳಿದು ಒಲೆ ಕೆದಕುವುದು, ಹತ್ತುವುದು, ಮತ್ತೆ ಇಳಿಯುವುದು. ಸಾಹೇಬರು ಜೇಬಿನ ಗಡಿಯಾರ ತೆಗೆದು ನೋಡಿ ಒಳಗಿಡುತ್ತಿದ್ದರು. ಝರಾಸಂಗಂ ಇನ್ನೂ ಎರಡು ಮೂರು ಮೈಲಿ ಇರುವಾಗ ಹೊತ್ತು ತೊಗರಿ ಹೊಲಗಳ ಆಚೆಗೆ ಇಳಿಯಿತು. ಯಜಮಾನರು ಎಂದಿನಂತೆ ಒಂದು ಬಾವಿಯ ಹತ್ತಿರ, ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿದರು.

ಅವರು ಕೈಕಾಲು ತೊಳೆದು ಪೂಜೆಗೆ ಕೂತರು. ಅದನ್ನು ನೋಡಿ ಸಾಹೇಬರು, ಒಳ್ಳೆಯದೇ ಆಯಿತು ಎಂದು ತಮ್ಮ ಶಾಲು ಹಾಸಿ ನಮಾಜಿಗೆ ನಿಂತರು. ಉಳಿದವರು ನೀರು ಕುಡಿದು ಬೀಡಿ ಹಚ್ಚಿದರು. ಸಾಹೇಬರ ನಮಾಜು ಬೇಗ ಮುಗಿಯಿತು. ಯಜಮಾನರದು ಮುಗಿಯಲೊಲ್ಲದು. ಕಣ್ಣು ಮುಚ್ಚಿದವರು ಮುಚ್ಚೇ ಇದ್ದರು. ಕೊನೆಗೆ ಲಿಂಗವನ್ನು ಕರಡಿಗೆಯೊಳಗಿಟ್ಟು ಎದ್ದಾಗ ಪಶ್ಚಿಮದಲ್ಲಿ ಸ್ವಲ್ಪ ಕೆಂಪು ಉಳಿದಿತ್ತು ಅಷ್ಟೇ.

ಸಾಹೇಬರು ಬಹಳ ಮರ್ಯಾದೆಯಿಂದ, ಇನ್ನು ಹೊರಡೋಣವೇ, ರೈಲು ಸಿಕ್ಕರೆ ಸಿಕ್ಕೀತು ಎಂದರು. ಯಜಮಾನರು ನೇಮದ ಮಾತು ತೆಗೆದರು. ಸಾಹೇಬರು ಕಾನೂನಿನ ಮನುಷ್ಯ, ನೇಮ ಯಾವುದು, ಅದರ ಅಂಚು ಎಲ್ಲಿ ಎಂದು ಕೇಳುತ್ತಾ ಹೋದರು. ಗಾಡಿ ನಡೆಸುವುದೇ ತಪ್ಪೋ, ಗಾಡಿಯಲ್ಲಿ ಏನನ್ನಾದರೂ ಮುಟ್ಟುವುದು ತಪ್ಪೋ? ತೊಗಲು ಮುಟ್ಟುವುದು ತಪ್ಪು ಎಂದು ಯಜಮಾನರು ಹೇಳಿದರು. ತೊಗಲು ಎಲ್ಲಿದೆ? ಸ್ಟೇರಿಂಗಿನ ಮೇಲೆ. ಬೇರೆಲ್ಲೂ ಇಲ್ಲವಷ್ಟೆ? ಇಲ್ಲ. ಹಾಗಾದರೆ ಅದನ್ನು ತೆಗೆದುಬಿಟ್ಟರೆ ನಿಮ್ಮ ನೇಮವೂ ಉಳಿಯಿತು, ನನ್ನ ರೈಲೂ ಉಳಿಯಿತು ಎಂದು ಸಾಹೇಬರು ನಕ್ಕರು. ಸುತ್ತ ನಿಂತವರು ಹೌದಲ್ಲ ಎಂದರು. ಇಷ್ಟು ವರ್ಷ ಇದು ನಮಗೆ ಹೊಳೆಯಲಿಲ್ಲವಲ್ಲ ಎಂದು ಒಬ್ಬ ತನ್ನ ಹಣೆಯನ್ನೇ ಬಡಿದುಕೊಂಡ.

ಯಜಮಾನರು ಗವಸಿನ ಹೊಲಿಗೆ ಬಹಳ ಬಿಗಿ, ಅದು ಬಿಚ್ಚುವಂಥದಲ್ಲ ಎಂದರು. ಆಗ ಹಿಂದಿನಿಂದ ಮುದುಕರು ಚೀಲ ಹಿಡಿದುಕೊಂಡು ಮುಂದೆ ಬಂದರು. ಗಾಡಿಯ ಆ ಕೊನೆಯಿಂದ ಈ ಕೊನೆಗೆ ಅವರು ಬಂದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

“ನಾ ಹೊಲದದ್ದರೀ ಎಪ್ಪಾ, ನಾನ ಬಿಚ್ಚತೀನಿ. ನಿಮ್ಮ ಪೂಜಾಕ್ಕ ನನ್ನ ತೊಗಲು ಅಡ್ಡ ಆತು ಅಂತ ಮಂದಿ ಅಂದಾಗೆಲ್ಲಾ ನನ್ನ ಜೀವಾ ಚುಟುಚುಟು ಅಂತಿತ್ತ್ರಿ. ಅವತ್ತೇ ಹೇಳಿದ್ರ ಅವತ್ತೇ ಬಿಚ್ಚತಿದ್ದೆ.”

ಹೀಗೆಂದು ಅವರು ಚೀಲದಿಂದ ತೊಗಲು ಕೊಯ್ಯುವ ರಂಪಿಗೆ ತೆಗೆದು, ಯಾರ ಅಪ್ಪಣೆಗೂ ಕಾಯದೆ, ಡ್ರೈವರನ ಬಾಗಿಲಿನಿಂದ ಒಳಗೆ ಬಗ್ಗಿದರು. ಒಬ್ಬರು ಕಂದೀಲು ಹಿಡಿದರು. ಮೊದಲ ಹೊಲಿಗೆ ಟಪ್ ಎಂದು ಕಡಿಯಿತು. ಎಂಥ ಹೊಲಿಗೆ ಅದು, ಎರಡು ಎಳೆಯ ಮೇಣದ ದಾರ, ಒಂದೊಂದು ಟಾಕಿಯೂ ಜೋಳದ ಕಾಳಿನಷ್ಟೇ. ಹೆಂಗಸರಾದ ನಾವು ಅಂಥ ಹೊಲಿಗೆಯನ್ನು ಮದುವೆಯ ಕುಬಸಕ್ಕೂ ಹಾಕುವುದಿಲ್ಲ. ತನ್ನ ಕೈಯಿಂದ ಹೊಲಿದದ್ದನ್ನು ತನ್ನ ಕೈಯಿಂದಲೇ ಕೊಯ್ಯುತ್ತಾ ಅವರು ಎರಡನೆಯದು, ಮೂರನೆಯದು ಎಂದು ಮುಂದೆ ಹೋಗುತ್ತಿದ್ದರು. ನಾನು ಯಜಮಾನರ ಕಡೆ ನೋಡಿದೆ. ಅವರಿಗೆ ಕೊಯ್ಯುವುದು ಕಾಣುತ್ತಿರಲಿಲ್ಲ, ದಾರ ಕಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಒಂದೊಂದು ಸದ್ದಿಗೂ ಅವರ ಮುಖ ಇಳಿಯುತ್ತಿತ್ತು.

ಅರ್ಧ ಬಿಚ್ಚುವ ಹೊತ್ತಿಗೆ ಅವರು ಕೈ ಚಾಚಿ ತಡವುತ್ತಾ ಹೋಗಿ ಮುದುಕರ ತೋಳು ಹಿಡಿದರು.

“ಬಿಡ್ರಿ ಮುತ್ಯಾ, ಕೊಯ್ಯಬ್ಯಾಡ್ರಿ. ತೊಗಲಿಂದ ಏನೂ ಇಲ್ಲ. ನನಗ ಹೊತ್ತ ಮುಳುಗಿದ ಮ್ಯಾಲ ಕಣ್ಣ ಕಾಣಂಗಿಲ್ಲ. ಸಣ್ಣಂವ ಇದ್ದಾಗಿಂದ ಹಿಂಗ ಅದ.”

ಬೀಡಿ ಸೇದುವವರು ಬೀಡಿ ಕೆಳಗಿಳಿಸಿದರು. ಯಜಮಾನರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಸಾಹೇಬರ ದನಿ ಬಂದ ಕಡೆಗೆ ತಿರುಗಿ, ಮೊನ್ನೆ ಹಾಕಿದ ಸಹಿ ಸುಳ್ಳು, ಸಾವಕಾರರಿಗೆ ಏನೂ ಗೊತ್ತಿಲ್ಲ, ಅವರನ್ನು ಇದರಲ್ಲಿ ಎಳೆಯಬೇಡಿ, ಬೇಕಾದರೆ ನನ್ನ ಕೆಲಸ ಹೋಗಲಿ ಎಂದರು. ನನಗೆ ಆ ಗಳಿಗೆಯಲ್ಲಿ ಅಳುವೂ ಬಂತು, ಅಭಿಮಾನವೂ ಬಂತು. ಮುನಿಸು ಮಾತ್ರ ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಾನು ಇಳಿದು ಹೋಗಿ ಅವರ ಪಕ್ಕದಲ್ಲಿ ನಿಂತೆ. ನಾಲ್ಕು ಜನರ ಎದುರು ಗಂಡನ ಪಕ್ಕ ಹಾಗೆ ನಿಲ್ಲುವ ಪದ್ಧತಿ ನಮ್ಮಲ್ಲಿರಲಿಲ್ಲ.

ಸಾಹೇಬರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಗಡಿಯಾರ ನೋಡಿ, ರೈಲಿನ ಆಸೆ ಬಿಟ್ಟು, ಗಾಡಿಯ ಮೆಟ್ಟಿಲ ಮೇಲೆ ಕೂತು ಚೀಲ ಬಿಚ್ಚಿದರು. ಕಾಗದ ಇನ್ನೂ ಅವರ ಹತ್ತಿರವೇ ಇತ್ತು, ಹೈದರಾಬಾದಿಗೆ ಹೋಗಿರಲಿಲ್ಲ. ಹುಟ್ಟಿದಾಗಿಂದಲೋ, ಹಗಲಿನಲ್ಲಿ ತೊಂದರೆ ಇದೆಯೋ, ಎಂದಾದರೂ ಯಾರಿಗಾದರೂ ಗಾಡಿ ತಗುಲಿದೆಯೋ ಎಂದು ಒಂದೊಂದಾಗಿ ಕೇಳಿದರು. ಇಷ್ಟು ವರ್ಷದಲ್ಲಿ ಒಂದು ಕೋಳಿಗೂ ತಗುಲಿಲ್ಲ ಎಂದು ಪ್ರಯಾಣಿಕರೇ ಸಾಕ್ಷಿ ಹೇಳಿದರು. ಸಾಹೇಬರು ‘ಇಲ್ಲ’ ಎಂಬುದನ್ನು ಹೊಡೆದು, ಪಕ್ಕದಲ್ಲಿ ಶಬ್‌ಕೋರಿ ಎಂದು ಬರೆದರು. ಅದು ಇರುಳುಗುರುಡಿಗೆ ಉರ್ದುವಿನ ಹೆಸರು. ಆಮೇಲೆ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಎಷ್ಟೋ ತಾಲೂಕು ತಿರುಗಿದ್ದಾರಂತೆ, ಎಷ್ಟೋ ಜನರಿಂದ ಕಾಗದ ತುಂಬಿಸಿದ್ದಾರಂತೆ, ಎಲ್ಲರೂ ಗುಂಡುಕಲ್ಲಿನ ಹಾಗೆ ಗಟ್ಟಿ. ತಮ್ಮ ಕಾಗದದಲ್ಲಿ ಬೇನೆ ಇರುವ ಮೊದಲ ಮನುಷ್ಯ ಇವರೇ ಎಂದು ನಕ್ಕರು.

ಹೈದರಾಬಾದಿಗೆ ಹೋಗಿ ದವಾಖಾನೆಯಲ್ಲಿ ಕಣ್ಣು ತೋರಿಸಿ ಬಂದದ್ದಾಯಿತು. ಬಿಮಾ ಸಿಕ್ಕಿತು. ಸೂರ್ಯ ಹುಟ್ಟುವ ಮೊದಲು, ಮುಳುಗಿದ ಮೇಲೆ ಈ ಡ್ರೈವರನು ಗಾಡಿ ನಡೆಸಕೂಡದು ಎಂಬ ಒಂದು ಸಾಲು ಅದರ ಕೆಳಗೆ ಬಂತು. ಸಾವಕಾರರು ತಾಂಡೂರಿನಿಂದ ಬಂದು ಬೈದರು, ಬಹಳ ಬೈದರು. ಕಣ್ಣಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಲಿಂಗದ ಬಗ್ಗೆ, ತಮ್ಮ ಬಾಯಿಂದ ಸುಳ್ಳಾಡಿಸಿದ್ದರ ಬಗ್ಗೆಯೇ ಬೈದರು. ಬೈದು ಮುಗಿಸಿ, ನಾನು ಮಾಡಿಕೊಟ್ಟ ಮಂಡಾಳು, ಅಂದರೆ ಮಂಡಕ್ಕಿ ಒಗ್ಗರಣೆ, ತಿಂದು, ಇನ್ನು ಮೇಲೆ ನಸುಕು ಹರಿದೊಡನೆ ಹೊರಡು, ಹೊತ್ತಿರುವಾಗಲೇ ಮನೆ ಸೇರು ಎಂದು ಹೇಳಿ ಹೋದರು. ಆ ಕೆಮ್ಮುವ ಮೋಟಾರನ್ನು ಪುಸಲಾಯಿಸಿ ನಡೆಸುವ ಇನ್ನೊಬ್ಬ ಅವರಿಗೂ ಸಿಗುವ ಹಾಗಿರಲಿಲ್ಲ. ಯಜಮಾನರು ಸಂಜೆಯ ಪೂಜೆಯನ್ನು ಬಿಡಲಿಲ್ಲ. ರಸ್ತೆಯ ಬದಿಯಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಪೂಜೆ ಮನೆಯಲ್ಲಿ ಕಾಲು ಗಂಟೆಗೆ ಮುಗಿಯುತ್ತಿತ್ತು ಎಂದು ನಾನು ಛೇಡಿಸುತ್ತಿದ್ದೆ, ಅವರು ನಗುತ್ತಿದ್ದರು.

ಇದೆಲ್ಲ ಮುಂದಿನ ಮಾತು. ಆ ಬೇವಿನ ಗಿಡದ ಕೆಳಗೆ ನಡೆದದ್ದು ಇನ್ನೂ ಸ್ವಲ್ಪ ಇದೆ.

ಸಾಹೇಬರು ಬರೆದು ಮುಗಿಸುವವರೆಗೂ ಮುದುಕರು ರಂಪಿಗೆ ಹಿಡಿದುಕೊಂಡೇ ನಿಂತಿದ್ದರು. ಬಿಮಾ, ಸಹಿ, ಶಬ್‌ಕೋರಿ ಯಾವುದೂ ಅವರಿಗೆ ಬೇಕಿರಲಿಲ್ಲ. ಎಲ್ಲರ ಮಾತು ನಿಂತ ಮೇಲೆ ಯಜಮಾನರನ್ನು ಒಂದೇ ಮಾತು ಕೇಳಿದರು.

“ಹಂಗಾದ್ರ ನನ್ನ ಕೈಯಿಂದ ಏನೂ ಆಗಿಲ್ಲೇನ್ರಿ ಎಪ್ಪಾ?”

ಯಜಮಾನರು ತಲೆ ತಗ್ಗಿಸಿ, ಇಲ್ಲ, ನನ್ನ ಕಣ್ಣಿನ ತಪ್ಪನ್ನು ನಿಮ್ಮ ಕೈಯ ಮೇಲೆ ಹಾಕಿದೆ, ನನ್ನನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದರು. ಮುದುಕರು ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಚೀಲದಿಂದ ದಾರದ ಉಂಡೆ ತೆಗೆದು, ಮೇಣ ಹಚ್ಚಿ, ಸೂಜಿ ಪೋಣಿಸಿಕೊಂಡು, ಡ್ರೈವರನ ಸೀಟನ್ನೇ ಹತ್ತಿ ಕೂತರು. ನಾನು ಕಂದೀಲು ಇಸಿದುಕೊಂಡು ಹತ್ತಿರ ಹಿಡಿದೆ. ಕೊಯ್ದ ಜಾಗದಿಂದ ಶುರುಮಾಡಿ ಒಂದೊಂದೇ ಟಾಕಿ ಹಾಕಿದರು. ಹಳೆಯ ತೂತುಗಳಲ್ಲೇ ಹೊಸ ದಾರ ಹೋಗಿ ಬರುತ್ತಿತ್ತು. ಯಾರಿಗೂ ಹೋಗುವ ಅವಸರ ಇರಲಿಲ್ಲ, ಹೇಗೂ ಗಾಡಿ ಬೆಳಗ್ಗೆಯೇ ಹೊರಡುವುದು.

ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು ಮುದುಕರು ಕೆಳಗಿಳಿದರು. ಬಿಗಿ ಸರಿಯಿದೆಯೋ ಇಲ್ಲವೋ ಹಿಡಿದು ನೋಡಿ ಎಂದರು. ಪೂಜೆ ಆಗಿತ್ತು, ಹೊತ್ತು ಪೂರ್ತಿ ಮುಳುಗಿತ್ತು, ಎಲ್ಲರೂ ನೋಡುತ್ತಿದ್ದರು. ಯಜಮಾನರು ತಡವಿಕೊಂಡು ಹತ್ತಿ ಸೀಟಿನ ಮೇಲೆ ಕೂತು, ವಿಭೂತಿ ಹಚ್ಚಿದ್ದ ಎರಡೂ ಕೈಗಳಿಂದ ಆ ತೊಗಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸರಿಯಿದೆ ಎಂದು ಹೇಳಿದ ಮೇಲೂ ಬಹಳ ಹೊತ್ತು ಕೈ ತೆಗೆಯಲಿಲ್ಲ.